ನಿಂತ ದೀಪಕ್ಕೆ ಒಂದೇ ಒಂದು ಚಲನೆ

ನಾಟಕದ ದಿನ ರಂಗಮಂದಿರದಲ್ಲಿ ಬೆಳಕಿನ ಮುಖ್ಯ ಕೆಲಸವೆಲ್ಲ ಏಣಿಯ ಮೇಲೆ ಆಗುತ್ತದೆ. ಒಬ್ಬ ಹತ್ತಿ ಒಂದೊಂದೇ ದೀಪದ ಬೋಲ್ಟು ಸಡಿಲಿಸಿ ತಿರುಗಿಸುತ್ತಾನೆ. ಕೆಳಗೆ ನಿಂತ ವಿನ್ಯಾಸಕ ‘ಇನ್ನು ಚೂರು ಎಡಕ್ಕೆ, ಹಾಂ, ಸಾಕು’ ಎಂದ ಕೂಡಲೇ ಬಿಗಿ ಮಾಡುತ್ತಾನೆ. ಸಂಜೆ ಏಣಿ ಒಳಗೆ ಹೋಯಿತೆಂದರೆ ಆ ದೀಪಗಳ ಹಣೆಬರಹ ನಿಶ್ಚಯವಾದಂತೆ. ಅಲ್ಲಿಂದ ಮುಂದೆ ಅವು ಉರಿಯಬಲ್ಲವು, ಆರಬಲ್ಲವು, ಎರಡರ ನಡುವೆ ಎಲ್ಲಾದರೂ ನಿಲ್ಲಬಲ್ಲವು. ಬೆಳಕಿನ ವೃತ್ತದ ಅಳತೆ, ಅದರ ಬಣ್ಣ, ಅದು ಬೀಳುವ ಜಾಗ, ಈ ಮೂರೂ ಆ ರಾತ್ರಿಗೆ ಖಾಯಂ.

ಹಾಗಾಗಿ ಒಂದೇ ಜಾಗಕ್ಕೆ ಬೆಳಗಿನ ಹಳದಿಯೂ ರಾತ್ರಿಯ ನೀಲಿಯೂ ಬೇಕಾದರೆ ಎರಡು ದೀಪ ಕಟ್ಟಬೇಕು. ಇಡೀ ಜಗುಲಿಯನ್ನು ಬೆಳಗುವ ವೃತ್ತ ಆಮೇಲೆ ಮುದುಕಿಯೊಬ್ಬಳ ಮುಖಕ್ಕಷ್ಟೇ ಬೇಕೆಂದರೆ ಮೂರನೆಯದು. ದೀಪ ಹೆಚ್ಚಿದಂತೆ ಕೇಬಲ್ಲು, ಬೆಳಕು ಏರಿಳಿಸುವ ಡಿಮ್ಮರ್, ದೀಪ ತೂಗುಹಾಕುವ ಬಾರಿನ ಮೇಲಿನ ಜಾಗ, ಬಾಡಿಗೆ ಎಲ್ಲವೂ ಹೆಚ್ಚುತ್ತವೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಸಂಗೀತ ಕಾರ್ಯಕ್ರಮಗಳಲ್ಲಿ ನಾವೆಲ್ಲ ಕಂಡಿರುವ ಮೂವಿಂಗ್ ಹೆಡ್. ಅದು ತಲೆ ತಿರುಗಿಸುತ್ತದೆ, ಬಣ್ಣ ಬದಲಿಸುತ್ತದೆ, ಚಿತ್ತಾರ ಬಿಡಿಸುತ್ತದೆ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಇನ್ನೊಂದು ಪರಿಹಾರಕ್ಕೆ ಅಷ್ಟು ಹೆಸರಿಲ್ಲ. ಇರುವ ಸಾದಾ ದೀಪವನ್ನು ಹಾಗೆಯೇ ಬಿಟ್ಟು, ಅದಕ್ಕೆ ಬೇಕಾದ ಒಂದೇ ಒಂದು ಚಲನೆಯನ್ನು ಮೋಟರಿನ ಬಿಡಿಭಾಗವಾಗಿ ಜೋಡಿಸುವುದು. ಒಂದಕ್ಕೆ ಐರಿಸ್, ಇನ್ನೊಂದಕ್ಕೆ ಬಣ್ಣದ ಸುರುಳಿ, ಮತ್ತೊಂದಕ್ಕೆ ತಿರುಗುವ ಕನ್ನಡಿ. ನಾನು ಹೇಳಹೊರಟಿರುವುದು ಈ ಬಿಡಿಭಾಗಗಳ ಕುರಿತು. ಇವುಗಳಲ್ಲಿ ನಾನು ಮೆಚ್ಚುವುದು ಮಿತಿಯನ್ನು: ಒಂದು ಕೆಲಸ ವಹಿಸಿಕೊಂಡು, ಅದನ್ನು ಸದ್ದಿಲ್ಲದೆ, ಪ್ರತಿ ಪ್ರದರ್ಶನದಲ್ಲೂ ಕೂದಲೆಳೆ ತಪ್ಪದಂತೆ ಮಾಡುವ ಮಿತಿ.

ದೀಪವನ್ನು ದೂರದಿಂದಲೇ ಕದಲಿಸುವ ಹುಮ್ಮಸ್ಸು ಹೊಸದಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯ ಎಡ್ಮಂಡ್ ಸೋಲ್‌ಬರ್ಗ್ 1906ರಲ್ಲೇ ಕಾರ್ಬನ್ ಆರ್ಕ್ ದೀಪವೊಂದನ್ನು ಹಗ್ಗಗಳಿಂದ ದೂರದಿಂದಲೇ ತಿರುಗಿಸುವ ಏರ್ಪಾಡು ರೂಪಿಸಿದ್ದ. 1925ರಲ್ಲಿ ಹರ್ಬರ್ಟ್ ಕಿಂಗ್ ಹಗ್ಗದ ಜಾಗಕ್ಕೆ ವಿದ್ಯುತ್ ಮೋಟರ್ ತಂದ. 1969ರಲ್ಲಿ ಜಾರ್ಜ್ ಐಜನೂರ್ ದೀಪವನ್ನು ಅಲುಗಿಸುವ ಗೊಡವೆಗೇ ಹೋಗದೆ, ಅದರ ಮುಂದೊಂದು ಕನ್ನಡಿ ಇಟ್ಟು ಬೆಳಕನ್ನು ಬೇಕಾದತ್ತ ತಿರುಗಿಸಿದ. ನಮ್ಮಲ್ಲೂ ಶಾಲಾ ವಾರ್ಷಿಕೋತ್ಸವದ ವೇದಿಕೆಗಳಲ್ಲಿ ಸ್ಪಾಟ್‌ಲೈಟಿನ ಮುಂದೆ ಬಣ್ಣದ ಹಾಳೆ ಅಂಟಿಸಿದ ಚಕ್ರವನ್ನು ಒಬ್ಬ ಹುಡುಗ ಕೈಯಲ್ಲೇ ತಿರುಗಿಸುತ್ತಿದ್ದುದನ್ನು ನೋಡಿದವರಿದ್ದಾರೆ. ಆ ಹುಡುಗನ ಕೈಯ ಬದಲು ಮೋಟರ್, ‘ಈಗ ಕೆಂಪು’ ಎಂಬ ಪಿಸುಮಾತಿನ ಬದಲು ಡಿಜಿಟಲ್ ಸಂಕೇತ ಬಂದರೆ ಅದೇ ನಮ್ಮ ಇಂದಿನ ವಿಷಯ.

ಯಾವ ಬಿಡಿಭಾಗ ಎಲ್ಲಿ ಕೂರುತ್ತದೆ ಎಂಬುದನ್ನು ನಿರ್ಧರಿಸುವುದು ದೀಪದ ಒಳಗಿನ ದೃಗ್ವಿಜ್ಞಾನ. ಉದಾಹರಣೆಗೆ ಸೋರ್ಸ್ ಫೋರ್ ಎಂಬ ಪ್ರೊಫೈಲ್ ದೀಪವನ್ನೇ ತೆಗೆದುಕೊಳ್ಳೋಣ. ಡೇವಿಡ್ ಕನಿಂಗ್‌ಹ್ಯಾಮ್ ರೂಪಿಸಿದ ಇದನ್ನು ಇಟಿಸಿ ಕಂಪನಿ 1992ರಲ್ಲಿ ಮಾರುಕಟ್ಟೆಗೆ ತಂದಿತು. ಅದರ 575 ವ್ಯಾಟ್ ಬಲ್ಬು ಹಳೆಯ 1000 ವ್ಯಾಟ್ ದೀಪಗಳಿಗೆ ಸರಿಸಾಟಿಯಾಗಿ ನಿಂತಿತು. ಮುಂದೆ ಬಂದ ಮೋಟರ್ ಬಿಡಿಭಾಗಗಳಲ್ಲಿ ಹಲವು ಇದರ ಅಳತೆಗೇ ತಯಾರಾದವು. ಇದರಲ್ಲಿ ಬಲ್ಬಿನ ಹಿಂದೆ ಅಂಡಾಕಾರದ ಪ್ರತಿಫಲಕವಿದೆ. ಅಂಡಾಕೃತಿಗೆ ಎರಡು ನಾಭಿಗಳು. ಒಂದರಲ್ಲಿ ತಂತಿ ಉರಿದರೆ ಬೆಳಕೆಲ್ಲ ಇನ್ನೊಂದರತ್ತ ಒಟ್ಟುಗೂಡುತ್ತದೆ. ಹಾಗೆ ಬೆಳಕು ಕೂಡುವ ಕಡೆ ಇರುವ ಕಿಂಡಿಗೆ ಗೇಟ್ ಎನ್ನುತ್ತಾರೆ. ಮುಂದಿನ ಮಸೂರ ಮಾಡುವುದು ಇಷ್ಟೇ: ಗೇಟಿನಲ್ಲಿ ಏನಿದೆಯೋ ಅದರ ಚಿತ್ರವನ್ನು ರಂಗದ ಮೇಲೆ ಬೀಳಿಸುವುದು. ಚಿತ್ರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಬೀಳುತ್ತದೆ. ಹಾಗಾಗಿಯೇ ಏಣಿಯ ಮೇಲಿದ್ದವನು ಗೇಟಿನ ಮೇಲಿನ ಷಟರ್ (ಬೆಳಕು ಕತ್ತರಿಸುವ ತಗಡು) ಒತ್ತಿದರೆ ರಂಗದಲ್ಲಿ ಬೆಳಕಿನ ಕೆಳಗಿನ ಅಂಚು ಕತ್ತರಿಸಿಹೋಗುತ್ತದೆ.

ಈ ಒಂದು ತತ್ತ್ವ ತಿಳಿದರೆ ಮಿಕ್ಕದ್ದೆಲ್ಲ ತಾನಾಗಿ ತಿಳಿಯುತ್ತದೆ. ಆಕಾರ ಬದಲಿಸುವ ಬಿಡಿಭಾಗ ಗೇಟಿನಲ್ಲೇ ಇರಬೇಕು, ಏಕೆಂದರೆ ಅದರ ಅಂಚು ರಂಗದಲ್ಲಿ ಸ್ಪಷ್ಟವಾಗಿ ಮೂಡಬೇಕು. ಬಣ್ಣ ಬದಲಿಸುವುದು ಮಸೂರದ ಆಚೆ, ಮುಂಭಾಗದಲ್ಲಿರಬೇಕು, ಏಕೆಂದರೆ ಅದರ ಅಂಟುಪಟ್ಟಿ, ಸುಕ್ಕು, ಗೀರು ಯಾವುದೂ ಕಾಣಬಾರದು. ಗೇಟಿನ ಕೆಲಸ ವಿಪರೀತ ಬಿಸಿಯಲ್ಲಿ ಆಗಬೇಕಾದದ್ದು, ಮುಂಭಾಗದ್ದು ಅಷ್ಟು ಕಾವಿಲ್ಲದ ಕಡೆ. ಎರಡೂ ಕಡೆ ಕುಶಲಕರ್ಮಿಗೆ ಎದುರಾಗುವ ಕಷ್ಟಗಳು ಬೇರೆ ಬೇರೆ.

ಮೊದಲು ಐರಿಸ್. ತೆಳುವಾದ ಉಕ್ಕಿನ ಎಲೆಗಳು ಒಂದರ ಮೇಲೊಂದು ಓರೆಯಾಗಿ ಕೂತಿರುತ್ತವೆ. ಹೊರಗಿನ ಬಳೆ ತಿರುಗಿಸಿದರೆ ಎಲ್ಲವೂ ಒಟ್ಟಿಗೆ ಒಳಸರಿದು ನಡುವಿನ ರಂಧ್ರ ಕಿರಿದಾಗುತ್ತದೆ. ಕೈಯಲ್ಲಿ ಮಾಡುವುದಾದರೆ ಒಂದು ಸಣ್ಣ ಹಿಡಿಯನ್ನು ಜರುಗಿಸಿದರಾಯಿತು. ನಟನನ್ನು ಹಿಂಬಾಲಿಸುವ ಫಾಲೋ ಸ್ಪಾಟ್ ಹಿಡಿಯುವವರ ಬೆರಳಿಗೆ ಇದು ಚೆನ್ನಾಗಿ ಗೊತ್ತು. ಐರಿಸ್ ಕಿರಿದಾದರೆ ಬೆಳಕು ಮಂಕಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗೆ ಆಗುವುದಿಲ್ಲ. ವೃತ್ತ ಸಣ್ಣದಾಗುತ್ತದೆ, ಉಳಿದ ಭಾಗದ ಪ್ರಖರತೆ ಹಾಗೆಯೇ ಇರುತ್ತದೆ. ಇಡೀ ಅಂಗಳದಿಂದ ಒಂದು ಮುಖಕ್ಕೆ ಬಂದಾಗಲೂ ಆ ಮುಖದ ಮೇಲಿನ ಬೆಳಕು ಕದಲುವುದಿಲ್ಲ, ಸುತ್ತಲಿನ ಲೋಕ ಮಾತ್ರ ಕಳಚಿಕೊಳ್ಳುತ್ತದೆ. ಡಿಮ್ಮರ್ ಇದನ್ನು ಎಂದೂ ಮಾಡಲಾರದು. ಐರಿಸ್‌ನ ಬೆಲೆ ಇರುವುದು ಅಲ್ಲಿಯೇ.

ಆದರೆ ರಂಧ್ರದ ಆಚೆ ಹೋಗಲಾರದ ಬೆಳಕು ಎಲ್ಲಿಗೆ ಹೋಗುತ್ತದೆ? ಎಲೆಗಳ ಮೇಲೆಯೇ ಶಾಖವಾಗಿ ಕೂರುತ್ತದೆ. ವೃತ್ತ ಕಿರಿದಾದಷ್ಟೂ ಎಲೆ ಕಾಯುತ್ತದೆ. ಉಕ್ಕು ಹಿಗ್ಗುತ್ತದೆ, ಎಲೆಗಳ ನಡುವಿನ ತಿಕ್ಕಾಟ ಹೆಚ್ಚುತ್ತದೆ. ಸಾಮಾನ್ಯ ಎಣ್ಣೆ ಹಾಕಿದರೆ ಅದು ಸುಟ್ಟು ಅಂಟಾಗಿ ಎಲೆಗಳನ್ನೇ ಹಿಡಿದುಬಿಡುತ್ತದೆ. ಆದ್ದರಿಂದ ಗ್ರಾಫೈಟಿನಂಥ ಒಣ ಜಾರಕವೇ ಬೇಕು. ಮೋಟರನ್ನು ಈ ಕಾವಿನ ಪಕ್ಕದಲ್ಲಿಟ್ಟರೆ ಅದರ ಆಯುಸ್ಸು ಮುಗಿದಂತೆ. ಹಾಗಾಗಿ ಒಳ್ಳೆಯ ಮೋಟರ್ ಐರಿಸ್‌ನಲ್ಲಿ ಎಲೆಗಳ ತಟ್ಟೆಯಷ್ಟೇ ದೀಪದ ಕಿಂಡಿಯೊಳಗೆ ಇಳಿಯುತ್ತದೆ. ಮೋಟರ್, ಹಲ್ಲುಚಕ್ರ, ಎಲೆಕ್ಟ್ರಾನಿಕ್ ಹಲಗೆ ಎಲ್ಲವೂ ದೀಪದ ಮೈಯಿಂದ ಹೊರಗೆ, ಗಾಳಿಯಾಡುವ ಜಾಗದಲ್ಲಿ. ರಾಸ್ಕೊ ಕಂಪನಿಯ ಡಿಎಂಎಕ್ಸ್ ಐರಿಸ್ ಈ ಬಗೆಯದು. ದೀಪ ತಯಾರಿಸಿದವರೇ ಬಿಟ್ಟಿರುವ ಕಿಂಡಿಗೆ ಅದು ಜಾರಿಕೊಂಡು ಕೂರುತ್ತದೆ. ದೀಪಕ್ಕೆ ಒಂದು ತೂತನ್ನೂ ಕೊರೆಯಬೇಕಾಗಿಲ್ಲ.

ಗೇಟಿನ ಇನ್ನೊಬ್ಬ ವಾಸಿ ಗೋಬೊ ರೊಟೇಟರ್. ಗೋಬೊ ಎಂದರೆ ಎಲೆ, ಕಿಟಕಿ, ಮೋಡದ ಚಿತ್ತಾರ ಕೊರೆದ ಉಕ್ಕಿನ ತಗಡು ಅಥವಾ ಗಾಜಿನ ಬಿಲ್ಲೆ. ಅದನ್ನು ಹಲ್ಲಿರುವ ಬಳೆಯೊಂದರಲ್ಲಿ ಕೂರಿಸಿ ಮೋಟರಿನಿಂದ ತಿರುಗಿಸುತ್ತಾರೆ. ಎರಡು ಗೋಬೊಗಳನ್ನು ಹಿಂದೆ ಮುಂದೆ ಇಟ್ಟು ಎದುರುಬದುರು ದಿಕ್ಕಿಗೆ ತಿರುಗಿಸಿದಾಗ ನಿಜವಾದ ಸೊಗಸು ಹುಟ್ಟುತ್ತದೆ. ಒಂದರ ರಂಧ್ರದ ಮೂಲಕ ಇನ್ನೊಂದರ ರಂಧ್ರ ಹಾಯುವಾಗ ಬೆಳಕಿನ ತುಣುಕುಗಳು ಹುಟ್ಟುತ್ತವೆ, ಸರಿಯುತ್ತವೆ, ಅಳಿಯುತ್ತವೆ. ಫೋಕಸ್ ಸ್ವಲ್ಪ ಬಿಟ್ಟುಕೊಟ್ಟರೆ ನೀರು, ಕೆಂಪು ಹಾಕಿದರೆ ಬೆಂಕಿ.

ಇಲ್ಲಿ ಕೌಶಲ ಪರೀಕ್ಷೆಗೆ ಒಳಗಾಗುವುದು ವೇಗದಲ್ಲಲ್ಲ, ನಿಧಾನದಲ್ಲಿ. ಲೆಕ್ಕ ನೋಡಿ: 5 ಸೆಂಟಿಮೀಟರ್ ಅಗಲದ ಚಿತ್ತಾರ ಹಿಂಪರದೆಯ ಮೇಲೆ 5 ಮೀಟರ್ ಅಗಲಕ್ಕೆ ಹರಡಿದರೆ ಅದು ನೂರು ಪಟ್ಟು ಹಿಗ್ಗಿದಂತಾಯಿತು. ಹಲ್ಲುಚಕ್ರದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ನಡುಗಿದರೂ ಪರದೆಯ ಮೇಲಿನ ಮೋಡ ಒಂದು ಸೆಂಟಿಮೀಟರ್ ಜಿಗಿಯುತ್ತದೆ. ವೇಗವಾಗಿ ತಿರುಗುವಾಗ ಇದು ಯಾರಿಗೂ ಕಾಣುವುದಿಲ್ಲ. ಮೋಡ ಒಂದು ಸುತ್ತಿಗೆ ಹತ್ತು ನಿಮಿಷ ತೆಗೆದುಕೊಳ್ಳಬೇಕಾದಾಗ ಪ್ರತಿಯೊಂದು ಜಿಗಿತವೂ ಕಾಣುತ್ತದೆ. ಗೋಬೊ ರೊಟೇಟರ್ ಕೊಳ್ಳುವವರು ಅದರ ಗರಿಷ್ಠ ವೇಗ ಕೇಳುವ ಬದಲು ಕನಿಷ್ಠ ವೇಗದಲ್ಲಿ ಓಡಿಸಿ ನೋಡಬೇಕು.

ಮುಂಭಾಗದ ಬಿಡಿಭಾಗಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಕಲರ್ ಸ್ಕ್ರೋಲರ್. 1980ರ ದಶಕದಲ್ಲಿ ಅಮೆರಿಕದ ವೈಬ್ರಾನ್ ಕಂಪನಿಯ ಕಲರ‍್ಯಾಮ್ ಇದನ್ನು ಮನೆಮಾತಾಗಿಸಿತು. ಎರಡು ಉರುಳೆಗಳ ನಡುವೆ ಬಣ್ಣದ ಜೆಲ್ ಹಾಳೆಗಳ ಉದ್ದನೆಯ ಸುರುಳಿ. ಒಂದು ಸುತ್ತಿಕೊಂಡರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಮಧ್ಯದ ಕಿಟಕಿಯಲ್ಲಿ ಯಾವ ಹಾಳೆ ನಿಂತಿದೆಯೋ ಅದೇ ಆ ಹೊತ್ತಿನ ಬಣ್ಣ. ಎರಡೂ ಉರುಳೆಗಳ ನಡುವೆ ಬಿಗಿ ಒಂದೇ ಸಮ ಇರಬೇಕು. ಸಡಿಲಾದರೆ ಹಾಳೆ ಉಬ್ಬಿ, ಅದನ್ನು ತಂಪಾಗಿಡುವ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತದೆ, ಬಿಗಿ ಹೆಚ್ಚಾದರೆ ಜೋಡಣೆಯಲ್ಲಿ ಹರಿಯುತ್ತದೆ.

ಈ ಸುರುಳಿಯನ್ನು ಕಟ್ಟುವುದು ಪಕ್ಕಾ ಕೈಕೆಲಸ. ಹಾಳೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಶಾಖ ತಡೆಯುವ ಪಾರದರ್ಶಕ ಟೇಪಿನಿಂದ ಎರಡೂ ಬದಿ ಅಂಟಿಸಬೇಕು. ಅಂಚು ಅರ್ಧ ಡಿಗ್ರಿ ಓರೆಯಾದರೂ ಸುರುಳಿ ಸುತ್ತುತ್ತ ಸುತ್ತುತ್ತ ಒಂದು ಬದಿಗೆ ಏರಿ, ಉರುಳೆಯ ಅಂಚಿಗೆ ತಿಕ್ಕಿ, ಹರಿದೇಹೋಗುತ್ತದೆ. ಇನ್ನು ಬಣ್ಣಗಳ ಕ್ರಮ. ನಾಟಕದಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬರುವ ಬಣ್ಣಗಳು ಸುರುಳಿಯಲ್ಲೂ ಅಕ್ಕಪಕ್ಕ ಇರಬೇಕು. ಮುಂಜಾವಿನ ತಿಳಿನೀಲಿಯಿಂದ ಬೆಳಗಿನ ಹೊಂಬಣ್ಣಕ್ಕೆ ಹೋಗುವ ದಾರಿಯಲ್ಲಿ ಕಡುಗೆಂಪಿದ್ದರೆ, ದೀಪ ಉರಿಯುತ್ತಿರುವಾಗಲೇ ಸುರುಳಿ ಓಡಿದಾಗ ಸೂರ್ಯೋದಯದ ನಡುವೆ ರಕ್ತದ ಮಿಂಚು ಹೊಡೆದಂತಾಗುತ್ತದೆ. ಹಾಗಾಗಿ ಒಳ್ಳೆಯ ವಿನ್ಯಾಸಕರು ದೃಶ್ಯಗಳ ಪಟ್ಟಿ ಮುಂದಿಟ್ಟುಕೊಂಡೇ ಸುರುಳಿಯ ಕ್ರಮ ಬರೆಯುತ್ತಾರೆ. ಗಾಢನೀಲಿಯಂಥ ಹಾಳೆಗಳು ತಮಗೆ ಬಿದ್ದ ಬೆಳಕಿನಲ್ಲಿ ಸ್ವಲ್ಪವನ್ನಷ್ಟೇ ಆಚೆ ಬಿಟ್ಟು ಮಿಕ್ಕದ್ದನ್ನು ಶಾಖವಾಗಿ ನುಂಗಿಕೊಳ್ಳುವುದರಿಂದ ಬೇಗ ಬಿಳಚಿ ಸುಟ್ಟುಹೋಗುತ್ತವೆ. ಫ್ಯಾನು ಇರುವುದು ಅವುಗಳಿಗಾಗಿಯೇ.

ಆ ಫ್ಯಾನೇ ಇನ್ನೊಂದು ತಲೆನೋವು. ಬೆಂಗಳೂರಿನ ರಂಗಶಂಕರದಂಥ ಆಪ್ತ ರಂಗಮಂದಿರದಲ್ಲಿ ನಟರು ಮೈಕಿಲ್ಲದೆ ಮಾತಾಡುತ್ತಾರೆ. ಪಿಸುಮಾತೂ ಕೊನೆಯ ಸಾಲಿಗೆ ತಲುಪಬೇಕು. ಅಲ್ಲಿ ತಲೆಯ ಮೇಲೆ ಒಂದು ಡಜನ್ ಫ್ಯಾನುಗಳು ಗುಂಯ್ ಎಂದರೆ ನಾಟಕದ ಉಸಿರೇ ಕಟ್ಟುತ್ತದೆ. ಅದಕ್ಕೇ ಫ್ಯಾನಿನ ವೇಗವನ್ನೂ ಬೆಳಕಿನ ನಿಯಂತ್ರಣ ಫಲಕವಾದ ಕನ್ಸೋಲಿನಿಂದ ಇಳಿಸುವ ಅನುಕೂಲ ಹಲವು ಸ್ಕ್ರೋಲರುಗಳಲ್ಲಿ ಬಂತು. ಇನ್ನೊಂದು ಉಪಾಯ ಕನ್ಸೋಲಿನ ಒಳಗೇ ಇದೆ. ದೀಪ ಆರಿರುವ ದೃಶ್ಯದಲ್ಲೇ ಸುರುಳಿ ಮುಂದಿನ ಬಣ್ಣಕ್ಕೆ ಹೋಗಿ ಕಾದಿರುವಂತೆ ಕ್ಯೂ, ಅಂದರೆ ಬೆಳಕು ಬದಲಾವಣೆಯ ಆಜ್ಞೆ, ಬರೆಯುವುದು. ಇಟಿಸಿಯ ಈಯಾಸ್ ಕನ್ಸೋಲುಗಳಲ್ಲಿ ಇದಕ್ಕೆ ಮಾರ್ಕ್ ಎಂದು ಹೆಸರು. ಸುರುಳಿ ಓಡಿದ್ದು ಪ್ರೇಕ್ಷಕನಿಗೆ ತಿಳಿಯುವುದೇ ಇಲ್ಲ. ಮುಂದಿನ ದೃಶ್ಯ ಬಂದಾಗ ಸರಿಯಾದ ಬಣ್ಣ ಸಿದ್ಧವಾಗಿ ನಿಂತಿರುತ್ತದೆ.

ಐಜನೂರ್ ಹಾದಿಯಲ್ಲಿ ಬಂದದ್ದು ಮೋಟರ್ ಕನ್ನಡಿ. ರಾಸ್ಕೊದ ಐ-ಕ್ಯೂ ಇದರ ಪರಿಚಿತ ರೂಪ; ದೀಪದ ಮುಂದಿನ ಬಣ್ಣದ ಚೌಕಟ್ಟು ಕೂರುವ ಜಾಗಕ್ಕೇ ಅದು ಕೂರುತ್ತದೆ. ಹಲವು ಕಿಲೋ ತೂಕದ ದೀಪವನ್ನು ತಿರುಗಿಸುವುದಕ್ಕಿಂತ ಅಂಗೈಯಗಲದ ಕನ್ನಡಿಯನ್ನು ತಿರುಗಿಸುವುದು ಸುಲಭ. ತೂಕ ಕಡಿಮೆಯಿದ್ದರೆ ಜಡತ್ವವೂ ಕಡಿಮೆ, ಸಣ್ಣ ಮೋಟರ್ ಸಾಕು, ಸದ್ದೂ ಕಡಿಮೆ. ಕನ್ನಡಿಯ ಲೇಪ ಗಾಜಿನ ಹಿಂಬದಿಯಲ್ಲಿದ್ದರೆ ಮುಂಬದಿಯಿಂದಲೂ ಮಂಕಾದ ಎರಡನೆಯ ಬಿಂಬ ಬೀಳುತ್ತದೆ. ಹಾಗಾಗಿ ಇಲ್ಲಿ ಲೇಪ ಮುಂಬದಿಯಲ್ಲೇ. ಬೆರಳು ಮುಟ್ಟಿದರೆ ಕಲೆ, ಬಟ್ಟೆಯಿಂದ ಒರಸಿದರೆ ಗೀರು. ಅದನ್ನು ಗಾಳಿಯೂದಿಯೇ ಶುಚಿ ಮಾಡಬೇಕು.

ಕನ್ನಡಿಗೆ ತನ್ನದೇ ಹಟಗಳಿವೆ. ಅದು ಒಂದು ಡಿಗ್ರಿ ವಾಲಿದರೆ ಬೆಳಕು ಎರಡು ಡಿಗ್ರಿ ವಾಲುತ್ತದೆ, ಅಂದರೆ ಮೋಟರಿನ ತಪ್ಪೂ ದುಪ್ಪಟ್ಟು. ಡಿಗ್ರಿಯ ಹತ್ತನೆಯ ಒಂದು ಭಾಗದ ತಪ್ಪು 10 ಮೀಟರ್ ದೂರದಲ್ಲಿ ಮೂರೂವರೆ ಸೆಂಟಿಮೀಟರ್ ಆಗುತ್ತದೆ. ಅದೂ ಅಲ್ಲದೆ ಕನ್ನಡಿ ಅಕ್ಕಪಕ್ಕ ತಿರುಗಿದಂತೆ ಬಿಂಬವೂ ತನ್ನಲ್ಲೇ ಹೊರಳುತ್ತದೆ. ಷಟರ್ ಹಾಕಿ ಚೌಕ ಮಾಡಿಟ್ಟ ಬೆಳಕು ರಂಗದ ಆ ತುದಿಗೆ ಹೋಗುವಷ್ಟರಲ್ಲಿ ಓರೆಯಾಗಿರುತ್ತದೆ. ವೃತ್ತಕ್ಕೆ ಈ ಕಾಟವಿಲ್ಲ. ಹಾಗಾಗಿ ಕನ್ನಡಿಯೂ ಐರಿಸೂ ಒಳ್ಳೆಯ ಜೋಡಿ: ಒಂದು ಜಾಗ ಹುಡುಕುತ್ತದೆ, ಇನ್ನೊಂದು ಅಳತೆ ನಿರ್ಧರಿಸುತ್ತದೆ. ಇಡೀ ದೀಪವನ್ನೇ ಹಿಡಿದು ತಿರುಗಿಸುವ ಮೋಟರ್ ಯೋಕ್‌ಗಳೂ ಇವೆ; ಸಿಟಿ ಥಿಯೇಟ್ರಿಕಲ್ ಕಂಪನಿಯ ಆಟೊಯೋಕ್ ಅಂಥದ್ದು. ಅಲ್ಲಿ ಬಿಂಬ ಹೊರಳುವ ತೊಂದರೆ ಇಲ್ಲ, ಆದರೆ ಭಾರ ಹೆಚ್ಚು, ಜೊತೆಗೆ ತಿರುಗುವ ಕೇಬಲ್ಲುಗಳನ್ನೂ ಸಂಭಾಳಿಸಬೇಕು.

ಇಷ್ಟೆಲ್ಲಕ್ಕೂ ಆಜ್ಞೆ ಕೊಡುವುದು ಡಿಎಂಎಕ್ಸ್ 512 ಎಂಬ ಭಾಷೆ. ಅಮೆರಿಕದ ಯುಎಸ್‌ಐಟಿಟಿ ಸಂಸ್ಥೆ 1986ರಲ್ಲಿ ಇದನ್ನು ರೂಪಿಸಿತು. ಒಂದು ಕೇಬಲ್ಲಿನಲ್ಲಿ 512 ಚಾನೆಲ್‌ಗಳು. ಪ್ರತಿಯೊಂದರಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ. ಮೂಲದಲ್ಲಿ ಇದು ಡಿಮ್ಮರುಗಳಿಗಾಗಿ ಹುಟ್ಟಿದ್ದು, ಬೆಳಕಿನ ಮಟ್ಟಕ್ಕೆ 256 ಮೆಟ್ಟಿಲು ಸಾಕಾಗಿತ್ತು. ಸುರುಳಿಗೂ ತೊಂದರೆಯಿಲ್ಲ: ಹದಿನಾರು ಬಣ್ಣಗಳಲ್ಲಿ ಮೊದಲನೆಯದು 0, ಕೊನೆಯದು 255 ಎಂದಿಟ್ಟರೆ ಒಂದರಿಂದ ಇನ್ನೊಂದಕ್ಕೆ ಅಂತರ ಸರಿಯಾಗಿ 17. ಕನ್ನಡಿಗೆ ಮಾತ್ರ ಇದು ಸಾಲದು. ಬೆಳಕು 180 ಡಿಗ್ರಿ ತಿರುಗಬೇಕಾದರೆ ಒಂದೊಂದು ಮೆಟ್ಟಿಲೂ 0.7 ಡಿಗ್ರಿ, 10 ಮೀಟರ್ ದೂರದಲ್ಲಿ ಅದು 12 ಸೆಂಟಿಮೀಟರಿನ ಜಿಗಿತ. ಹಾಗಾಗಿ ಎರಡು ಚಾನೆಲ್ ಕೂಡಿಸಿ, ಒಂದು ದಪ್ಪ ಅಳತೆಗೆ ಇನ್ನೊಂದು ಸೂಕ್ಷ್ಮ ಅಳತೆಗೆ ಎಂದು ಹಂಚಿ, 65,536 ಮೆಟ್ಟಿಲು ಮಾಡುತ್ತಾರೆ. ಆಗ ಜಿಗಿತ ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ.

ಸಂಖ್ಯೆ ಬಂದ ಮೇಲೆ ಅದನ್ನು ಪಾಲಿಸುವವನು ಸ್ಟೆಪ್ಪರ್ ಮೋಟರ್. ಸಾಮಾನ್ಯವಾಗಿ ಅದು ಒಂದು ಹೆಜ್ಜೆಗೆ 1.8 ಡಿಗ್ರಿಯಂತೆ 200 ಹೆಜ್ಜೆಗಳಲ್ಲಿ ಒಂದು ಸುತ್ತು ಹಾಕುತ್ತದೆ. ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ಹುಟ್ಟಿನಿಂದ ಗೊತ್ತಿಲ್ಲ, ಎಷ್ಟು ಹೆಜ್ಜೆ ಇಟ್ಟೆ ಎಂಬುದಷ್ಟೇ ಗೊತ್ತು. ಹಾಗಾಗಿ ಕರೆಂಟು ಕೊಟ್ಟ ಕೂಡಲೇ ಅದು ಒಂದು ತುದಿಯವರೆಗೆ ಹೋಗಿ, ಅಲ್ಲಿರುವ ಸೆನ್ಸರನ್ನು ಮುಟ್ಟಿ, ‘ಇದು ಸೊನ್ನೆ’ ಎಂದು ಖಚಿತಪಡಿಸಿಕೊಂಡು ಎಣಿಕೆ ಶುರು ಮಾಡುತ್ತದೆ. ಹಲ್ಲುಚಕ್ರಗಳ ನಡುವೆ ತುಸು ಸಡಿಲ ಇದ್ದೇ ಇರುತ್ತದೆ. ಹಳೆಯ ಸೈಕಲ್ಲಿನ ಪೆಡಲ್ಲನ್ನು ಹಿಂದಕ್ಕೆ ತುಳಿದು ಮತ್ತೆ ಮುಂದಕ್ಕೆ ತುಳಿದಾಗ ಚೈನು ಬಿಗಿಯಾಗುವ ಮೊದಲು ಕಾಲು ಒಂದಿಷ್ಟು ಖಾಲಿ ತಿರುಗುತ್ತದಲ್ಲ, ಹಾಗೆ. ಎಡದಿಂದ ಬಂದರೆ ಒಂದು ಜಾಗ, ಬಲದಿಂದ ಬಂದರೆ ಕೂದಲೆಳೆ ಬೇರೆ ಜಾಗ. ಇದಕ್ಕೊಂದು ಜಾಣ ಮದ್ದು ಇದೆ. ಯಾವ ದಿಕ್ಕಿನಿಂದ ಬಂದರೂ ಗುರಿಯನ್ನು ತುಸು ದಾಟಿಹೋಗಿ, ಕೊನೆಯ ಹೆಜ್ಜೆಗಳನ್ನು ಯಾವಾಗಲೂ ಒಂದೇ ಕಡೆಯಿಂದ ಇಡುವಂತೆ ಮಾಡುವುದು. ಮೊದಲ ಪ್ರದರ್ಶನದ ವೃತ್ತವೂ ಐವತ್ತನೆಯದರ ವೃತ್ತವೂ ಒಂದೇ ಜಾಗದಲ್ಲಿ ಬೀಳುವುದು ಇಂಥ ಎಚ್ಚರಗಳಿಂದ.

ಹೊಸದಾಗಿ ಕೈ ಹಾಕುವವರು ನೆನಪಿಡಬೇಕಾದದ್ದು ಒಂದಿದೆ. ದೀಪದ ಬಲ್ಬು ಡಿಮ್ಮರಿಗೆ ಹೋಗಬೇಕು, ಮೋಟರ್ ಮಾತ್ರ ಡಿಮ್ಮರಿಗೆ ಹೋಗಲೇಬಾರದು. ಬೆಳಕು ಇಳಿದಾಗ ಮೋಟರಿಗೂ ಕರೆಂಟು ಇಳಿದರೆ ಅದು ತನ್ನ ಎಣಿಕೆಯನ್ನೇ ಮರೆಯುತ್ತದೆ. ಇಂಥ ಬಿಡಿಭಾಗಗಳಿಗೆ 24 ವೋಲ್ಟಿನ ಪ್ರತ್ಯೇಕ ಪೂರೈಕೆ ಪೆಟ್ಟಿಗೆ ಇರುತ್ತದೆ. ನಾಲ್ಕು ಪಿನ್ನಿನ ಒಂದೇ ಕೇಬಲ್ಲಿನಲ್ಲಿ ವಿದ್ಯುತ್ತೂ ಆಜ್ಞೆಯೂ ಜೊತೆಯಾಗಿ ಹೋಗುತ್ತವೆ.

ಈ ಮನೆತನದ ಅತಿ ಸರಳ ಸದಸ್ಯನನ್ನೂ ಪರಿಚಯಿಸಬೇಕು. ಈಗ ನಾಟಕಗಳಲ್ಲಿ ಪ್ರೊಜೆಕ್ಟರ್ ಬಳಕೆ ಸಾಮಾನ್ಯವಾಗಿದೆ. ಅದಕ್ಕೆ ಕಪ್ಪು ಚಿತ್ರ ಕೊಟ್ಟರೂ ಪೂರ್ತಿ ಕತ್ತಲೆ ಕೊಡಲು ಅದರಿಂದಾಗದು. ಬ್ಲ್ಯಾಕೌಟ್ ಆದಾಗ ಹಿಂಪರದೆಯ ಮೇಲೆ ಮಾಸಲು ಬೂದುಬಣ್ಣದ ಆಯತವೊಂದು ಉಳಿದುಬಿಡುತ್ತದೆ. ಪರಿಹಾರ ಡೌಸರ್. ಮಸೂರದ ಮುಂದೆ ಕಪ್ಪು ತಗಡಿನ ಒಂದು ತುಂಡು, ಅದನ್ನು ಅಡ್ಡ ತರುವ ಪುಟ್ಟ ಮೋಟರ್, ಒಂದು ಡಿಎಂಎಕ್ಸ್ ಚಾನೆಲ್. ಕತ್ತಲೆ ಕತ್ತಲೆಯಾಗಿಯೇ ಇರಲು ಇಷ್ಟು ಸಾಕು.

ಎಲ್‌ಇಡಿ ಬಂದ ಮೇಲೆ ಇವೆಲ್ಲ ಹಳೆಯ ಸಾಮಾನಾದವೇ ಎಂದು ಕೇಳಬಹುದು. ಸ್ಕ್ರೋಲರಿನ ಮಟ್ಟಿಗೆ ಹೌದು. ಒಂದೇ ದೀಪದೊಳಗೆ ಹಲವು ಬಣ್ಣದ ಡಯೋಡುಗಳನ್ನು ಬೆರೆಸಿ ಕ್ಷಣದಲ್ಲಿ, ಸದ್ದಿಲ್ಲದೆ, ಯಾವ ಬಣ್ಣವನ್ನಾದರೂ ತರುವ ಪ್ರೊಫೈಲುಗಳು ಬಂದ ಮೇಲೆ ಸುರುಳಿ ಕಟ್ಟುವ ಕೈಗಳಿಗೆ ಕೆಲಸ ಕಡಿಮೆಯಾಯಿತು. ಆದರೆ ಎಲ್‌ಇಡಿ ಬದಲಿಸಿದ್ದು ಬೆಳಕು ಹುಟ್ಟುವ ಬಗೆಯನ್ನು. ಬೆಳಕಿಗೆ ಅಂಚು ಬೇಕಾದರೆ ಇಂದಿಗೂ ಅದರ ದಾರಿಗೆ ಒಂದು ವಸ್ತುವನ್ನು ಅಡ್ಡ ಇಡಬೇಕು, ದಿಕ್ಕು ಬದಲಾಗಬೇಕಾದರೆ ಒಂದು ಕನ್ನಡಿಯೋ ದೀಪವೋ ತಿರುಗಬೇಕು. ಐರಿಸ್, ಗೋಬೊ, ಕನ್ನಡಿಗಳ ಕೆಲಸ ಹೋಗಿಲ್ಲ. ಗೇಟಿನ ಕಾವು ತಗ್ಗಿರುವುದರಿಂದ ಅವುಗಳ ಬಾಳು ಇನ್ನಷ್ಟು ಸುಗಮವಾಗಿದೆ. ನಮ್ಮ ಹವ್ಯಾಸಿ ತಂಡಗಳಿಗೂ ಈ ಹಾದಿ ಒಗ್ಗುತ್ತದೆ. ಇಡೀ ನಾಟಕಕ್ಕೆ ಎರಡೇ ಎರಡು ಚಲನೆ ಬೇಕಿದ್ದರೆ ಎರಡು ಬಿಡಿಭಾಗ ಸಾಕು, ಮಿಕ್ಕ ದೀಪಗಳು ತಮ್ಮ ಪಾಡಿಗೆ ತಾವು ನಿಂತಿರಲಿ.

ಆದರೂ ಮೋಟರಿಗೆ ಹೇಳಿಕೊಡಲಾಗದ ಒಂದು ಸಂಗತಿ ಉಳಿಯುತ್ತದೆ. ಮುದುಕಿ ತನ್ನ ಕತೆ ಹೇಳುತ್ತಿದ್ದಾಳೆ. 3 ಮೀಟರಿನ ವೃತ್ತ 1 ಮೀಟರಿಗೆ ಬರಬೇಕು, ಬಂದದ್ದು ಯಾರಿಗೂ ಗೊತ್ತಾಗಬಾರದು. ವಿನ್ಯಾಸಕಿ ಕ್ಯೂಗೆ 90 ಸೆಕೆಂಡು ಕೊಡುತ್ತಾಳೆ ಎಂದುಕೊಳ್ಳಿ. ಐರಿಸ್ ಈ ದಾರಿಯನ್ನು 120 ಮೆಟ್ಟಿಲುಗಳಲ್ಲಿ ಕ್ರಮಿಸಿದರೆ ಮುಕ್ಕಾಲು ಸೆಕೆಂಡಿಗೊಂದು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ವೃತ್ತದ ಅಂಚು ಎಂಟು ಮಿಲಿಮೀಟರ್ ಒಳಗೆ. ಬಿಡಿಭಾಗದ ತಂತ್ರಾಂಶ ಆ ಮೆಟ್ಟಿಲುಗಳ ನಡುವೆ ಸಣ್ಣ ಹೆಜ್ಜೆಗಳನ್ನು ತುಂಬಿ ಜಾರುಬಂಡೆ ಮಾಡದಿದ್ದರೆ ಮುಂದಿನ ಸಾಲಿನವರಿಗೆ ಅಂಚು ತಟತಟನೆ ಬರುವುದು ಕಾಣುತ್ತದೆ. ಅದನ್ನು ತುಂಬುವುದು ತಯಾರಕರ ಹೊಣೆ. 90 ಸೆಕೆಂಡೇ ಏಕೆ, 60 ಏಕಲ್ಲ, ಯಾವ ಮಾತಿಗೆ ಕ್ಯೂ ಹೊರಡಬೇಕು ಎಂಬುದು ತಾಲೀಮಿನಲ್ಲಿ ಕೂತು ನಟಿಯ ಉಸಿರು ಕೇಳಿದವರ ಹೊಣೆ. ಅದಕ್ಕೇ ಬೆಳಕು ಕಲಿಯಲು ಬಂದವರಿಗೆ ಮೊದಲು ಕೈಯಿಂದ ತಿರುಗಿಸುವ ಐರಿಸ್ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ. ಎಷ್ಟು ಹೊತ್ತು ಎಂಬುದು ಬೆರಳಿಗೆ ತಿಳಿದ ಮೇಲೆ ಅದನ್ನು ಸಂಖ್ಯೆಯಾಗಿ ಬರೆಯುವುದು ಕಷ್ಟವಲ್ಲ.